ಬರೆಸುವ ಮೊದಲು ಜೋಡಿಸಲು ಬಿಡಿ: ಮಕ್ಕಳಿಗೆ ಬರವಣಿಗೆ, ಕಾಗುಣಿತ, ವ್ಯಾಕರಣ ಕಲಿಸುವ ಸಮಗ್ರ ಮಾರ್ಗದರ್ಶಿ

ಮಗಳಿಗೆ ಆರು ವರ್ಷ. ‘ಧನ’ ಎಂದು ಬರೆಯುವ ಕಡೆ ‘ದನ’ ಎಂದು ಬರೆದಳು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ‘ಧ ಇಪ್ಪತ್ತು ಸಲ ಬರಿ’ ಅಂದೆ. ಮೊದಲ ನಾಲ್ಕು ಚೆನ್ನಾಗಿದ್ದವು. ಆಮೇಲೆ ಕೆಳಗಿನ ಗೀಟು ಚಿಕ್ಕದಾಗುತ್ತಾ ಹೋಯಿತು. ಹತ್ತನೆಯದರ ಹೊತ್ತಿಗೆ ಗೀಟೇ ಇಲ್ಲ. ಉಳಿದ ಹತ್ತು ಸಲ ಅವಳು ತುಂಬಾ ಶ್ರದ್ಧೆಯಿಂದ ತಪ್ಪನ್ನೇ ಅಭ್ಯಾಸ ಮಾಡಿದ್ದಳು!

ಆಮೇಲೆ ಅವಳ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ತಪ್ಪುಗಳನ್ನು ಒಂದೊಂದಾಗಿ ನೋಡಿದೆ. ಬಿಡಿ ಅಕ್ಷರ ತಪ್ಪಿದ್ದು ಕಡಿಮೆ. ಒಂದಕ್ಕೊಂದು ಕೂಡುವ ಜಾಗದಲ್ಲೇ ಅವಳು ಎಡವುತ್ತಿದ್ದಳು. ಅಕ್ಷರಕ್ಕೆ ಕೊಂಬು ಸೇರುವಲ್ಲಿ, ಅಕ್ಷರದ ಕೆಳಗೆ ಒತ್ತು ಕೂರುವಲ್ಲಿ, ಪದಕ್ಕೆ ‘ಅನ್ನು’ ಅಂಟುವಲ್ಲಿ. ಕನ್ನಡ ಕೂಡಿಸಿ ಕೂಡಿಸಿ ಕಟ್ಟುವ ಭಾಷೆ, ಅಲ್ವಾ? ಹಾಗಿದ್ದರೆ ಮಗುವಿನ ಕೈಗೆ ಕೂಡಿಸಲು, ಬಿಡಿಸಲು ಬರುವ ತುಂಡುಗಳನ್ನೇ ಕೊಡೋಣ ಅನ್ನಿಸಿತು. ಈ ಬರಹದಲ್ಲಿರುವುದು ಅಷ್ಟೇ. ಮೂರೂವರೆ ವರ್ಷದಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ಬಳಸಬಹುದು.

ಬೇಕಾದ ಸಾಮಾನು

ದಪ್ಪ ರಟ್ಟು, ಕತ್ತರಿ, ಗೋಂದು, ಉಪ್ಪುಕಾಗದ, ಜೇಡಿಮಣ್ಣು, ಅಂಚಿರುವ ತಟ್ಟೆ ಮತ್ತು ಸ್ವಲ್ಪ ಮರಳು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಬಟ್ಟೆ ಕ್ಲಿಪ್ಪುಗಳು, ಎರಡು ಮೂರು ಬಣ್ಣದ ಸ್ಕೆಚ್ ಪೆನ್, ಒಂದು ಖಾಲಿ ಡಬ್ಬಿ. ದುಬಾರಿ ಕಿಟ್ ತರುವ ಅಗತ್ಯವಿಲ್ಲ. ಮಗುವೇ ಕತ್ತರಿಸಿ ಅಂಟಿಸಿದ ಸೊಟ್ಟ ಅಕ್ಷರಕ್ಕೆ ಅಂಗಡಿಯ ಅಂದದ ಅಕ್ಷರಕ್ಕಿಂತ ಬೆಲೆ ಜಾಸ್ತಿ.

1. ಮೊದಲು ಬೆರಳು, ಆಮೇಲೆ ಪೆನ್ಸಿಲ್

ಬರೆಯಲು ಒಲ್ಲದ ಮಗುವಿನ ಕೈಯನ್ನು ಒಮ್ಮೆ ಹಿಡಿದು ನೋಡಿ. ಎಷ್ಟೋ ಸಲ ಅದು ಸೋಮಾರಿತನ ಆಗಿರುವುದಿಲ್ಲ, ಬೆರಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಜೇಡಿಮಣ್ಣು ನಾದುವುದು, ಹಾವಿನಂತೆ ಉದ್ದಕ್ಕೆ ಉರುಳಿಸುವುದು, ಕ್ಲಿಪ್ ಒತ್ತಿ ಹಗ್ಗಕ್ಕೆ ಸಿಕ್ಕಿಸುವುದು, ಕಾಗದವನ್ನು ಚಿಕ್ಕ ಚಿಕ್ಕ ಚೂರು ಮಾಡುವುದು, ಮಣಿ ಪೋಣಿಸುವುದು. ಕೆಲವು ವಾರ ಇದೇ ನಡೆಯಲಿ.

ಪೆನ್ಸಿಲ್ ಹಿಡಿತಕ್ಕೆ ಒಂದು ಸಣ್ಣ ಉಪಾಯ ಇದೆ. ಉದ್ದದ ಪೆನ್ಸಿಲ್ ಬದಲು ಹೆಬ್ಬೆರಳಿನ ಅರ್ಧದಷ್ಟಿರುವ ಬಳಪದ ಚೂರು ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಬರುವುದಿಲ್ಲ. ಬೆರಳ ತುದಿಗಳು ತಾವಾಗಿಯೇ ಮುಂದೆ ಬರುತ್ತವೆ. ಗೋಡೆಗೆ ನಿಲ್ಲಿಸಿದ ಹಲಗೆಯ ಮೇಲೆ ನಿಂತು ಬರೆಯುವುದರಿಂದ ಮಣಿಕಟ್ಟೂ ಸರಿಯಾಗಿ ಬಾಗುತ್ತದೆ. ಮಗು ಎಡಗೈಯಲ್ಲಿ ಬರೆಯುತ್ತದೆಯೇ? ಹಾಗೇ ಬಿಡಿ. ಪುಸ್ತಕವನ್ನು ಬಲಕ್ಕೆ ಸ್ವಲ್ಪ ಓರೆ ಮಾಡಿ ಇಟ್ಟರೆ ಸಾಕು.

2. ಅಕ್ಷರವನ್ನು ಮುಟ್ಟಲಿ

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತನ್ನ ಮೊದಲ ಮಕ್ಕಳ ಮನೆ ಆರಂಭಿಸಿದರು. ಅವರು ಬಳಕೆಗೆ ತಂದ ಉಪ್ಪುಕಾಗದದ ಅಕ್ಷರಗಳು ಇಂದಿಗೂ ಜಗತ್ತಿನ ಎಷ್ಟೋ ಶಾಲೆಗಳಲ್ಲಿವೆ. ಉಪಾಯ ಬಹಳ ಸರಳ. ಒರಟು ಕಾಗದದಲ್ಲಿ ಅಕ್ಷರ ಕತ್ತರಿಸಿ ನುಣುಪು ರಟ್ಟಿಗೆ ಅಂಟಿಸಬೇಕು. ಮಗು ಎರಡು ಬೆರಳಲ್ಲಿ ಅದರ ಮೇಲೆ ಸವರುತ್ತಾ ಆ ಸದ್ದು ಹೇಳಬೇಕು. ದಾರಿ ತಪ್ಪಿದರೆ ಬೆರಳಿಗೆ ನುಣುಪು ಸಿಗುತ್ತದೆ. ‘ತಪ್ಪು’ ಎಂದು ನಾವು ಹೇಳಬೇಕಾಗಿಲ್ಲ.

ಕನ್ನಡದ ಅಕ್ಷರಗಳು ದುಂಡು. ಹಾಗಾಗಿ ಎಲ್ಲಿಂದ ಶುರು, ಯಾವ ಕಡೆಗೆ ತಿರುವು ಎಂಬುದು ಮುಖ್ಯ. ರಟ್ಟಿನ ಮೇಲೆ ಶುರುವಿನ ಜಾಗಕ್ಕೆ ಒಂದು ಹಸಿರು ಚುಕ್ಕೆ ಇಡಿ. ಸವರಿದ ಮೇಲೆ ಅದನ್ನೇ ಮರಳು ತಟ್ಟೆಯಲ್ಲಿ ಬರೆಯಲಿ. ತಟ್ಟೆ ಅಲುಗಿಸಿದರೆ ತಪ್ಪು ಮಾಯ! ರಬ್ಬರ್‌ನಿಂದ ಉಜ್ಜಿ ಉಜ್ಜಿ ಹರಿದ ಹಾಳೆಯ ಅವಮಾನ ಇಲ್ಲಿಲ್ಲ.

ಒಂದೇ ಮುಖದವರನ್ನು ಒಂದೇ ದಿನ ಪರಿಚಯ ಮಾಡಿಸಬೇಡಿ. ರ, ಠ, ದ, ಧ, ಥ ಒಂದು ಕುಟುಂಬ. ಪ, ವ, ಷ, ಮ ಇನ್ನೊಂದು. ದ ಗಟ್ಟಿಯಾದ ಮೇಲೆ ಧ ಬರಲಿ.

3. ಐದು ಅಕ್ಷರ ಬಂದ ಕೂಡಲೇ ಪದ

ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಅಷ್ಟೂ ಬರುವ ತನಕ ಪದ ಬರೆಸದೆ ಕಾಯುವುದು ದೊಡ್ಡ ತಪ್ಪು ಎನ್ನುತ್ತೇನೆ. ನಲಿಕಲಿ (ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ತರಗತಿಗಳಲ್ಲಿ ಓದಿದ ಮಕ್ಕಳಿಗೆ ‘ರ ಗ ಸ ದ ಅ’ ಗೊತ್ತಿರುತ್ತದೆ. ಬರೆಯಲು ಸುಲಭ, ಕೂಡಿಸಿದರೆ ತಕ್ಷಣ ಪದ ಸಿಗುತ್ತದೆ. ಸರ, ರಸ, ದರ, ಅರಸ, ಅಗಸ, ಸರಸರ, ದರದರ. ಐದೇ ಅಕ್ಷರದಲ್ಲಿ ಇಷ್ಟು! ಆಮೇಲೆ ಜ, ವ, ಮ, ಬ, ನ ಸೇರಿಸಿ. ಮರ, ಜನ, ವನ, ಗಜ, ನಗರ, ಗಮನ, ಅವಸರ ಎಲ್ಲ ಬರುತ್ತವೆ.

ಇದನ್ನು ಬರೆಸಬೇಡಿ, ಜೋಡಿಸಲು ಬಿಡಿ. ಪ್ರತಿ ಅಕ್ಷರಕ್ಕೆ ಮೂರು ಮೂರು ಚಿಕ್ಕ ಕಾರ್ಡ್ ಮಾಡಿ ನೆಲದ ಮೇಲೆ ಹರಡಿ. ನೀವು ‘ನಗರ’ ಎನ್ನಿ, ಮಗು ಹುಡುಕಿ ಸಾಲಾಗಿ ಇಡಲಿ. ಪದ ಕಟ್ಟುವ ಬುದ್ಧಿ ಪೆನ್ಸಿಲ್ ಹಿಡಿಯುವ ಕೈಗಿಂತ ಮುಂದೆ ಓಡುತ್ತಿರುತ್ತದೆ. ಕೈ ಸೋತಿತೆಂದು ಬುದ್ಧಿಯನ್ನು ಯಾಕೆ ನಿಲ್ಲಿಸಬೇಕು?

4. ಒಂಬತ್ತು ತುಂಡಿನಲ್ಲಿ ಇಡೀ ಕಾಗುಣಿತ

34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ಅಕ್ಷರ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳಿಸಿದರೆ ಬಾಯಿಪಾಠ ಆಗುತ್ತದೆ ನಿಜ. ಆದರೆ ಮಧ್ಯದಿಂದ ‘ಕೊ’ ಬರಿ ಅಂದರೆ ಮಗು ಮತ್ತೆ ‘ಕ’ದಿಂದ ಎಣಿಸಿಕೊಂಡು ಬರುತ್ತದೆ.

ಚಿಹ್ನೆಗಳನ್ನು ಬಿಡಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಬೇಕಾಗುವುದು ಒಂಬತ್ತೇ ತುಂಡು: ಇಳಿ, ಗುಡಿಸು, ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಏತ್ವ, ಐತ್ವಕ್ಕೆ ಕೆಳಗೆ ಬರುವ ಸುಳಿ, ಔತ್ವ. ಉಳಿದವೆಲ್ಲ ಇವುಗಳ ಕೂಡಿಕೆ. ಗುಡಿಸಿಗೆ ದೀರ್ಘ ಸೇರಿದರೆ ‘ಕೀ’. ಏತ್ವಕ್ಕೆ ಅದೇ ದೀರ್ಘ ಸೇರಿದರೆ ‘ಕೇ’. ಏತ್ವಕ್ಕೆ ಕೊಂಬಿನ ಇಳಿ ಸೇರಿದರೆ ‘ಕೊ’. ಅದಕ್ಕೂ ದೀರ್ಘ ಬಂದರೆ ‘ಕೋ’. ಒಂದೇ ದೀರ್ಘದ ತುಂಡು ಮೂರು ಕಡೆ ದುಡಿಯುತ್ತದೆ ಎಂದು ಮಗು ತಾನೇ ಕಂಡುಹಿಡಿದಾಗ ಅದರ ಮುಖ ನೋಡಬೇಕು.

ಮಾಡುವ ಬಗೆ ಹೀಗೆ. ಗ, ದ, ಸ, ರ ಅಕ್ಷರಗಳನ್ನು ತಲೆಕಟ್ಟು ಬಿಟ್ಟು ದೊಡ್ಡದಾಗಿ ರಟ್ಟಿನ ಮೇಲೆ ಬರೆಯಿರಿ. ತಲೆಕಟ್ಟನ್ನೂ ಒಂಬತ್ತು ಚಿಹ್ನೆಗಳನ್ನೂ ಪ್ಲಾಸ್ಟಿಕ್ ಹಾಳೆಯ ತುಂಡುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಯಿರಿ. ಮಗು ತಲೆಕಟ್ಟು ತೆಗೆದು ಗುಡಿಸು ಇಡಲಿ: ‘ಗಿ’. ಗುಡಿಸು ತೆಗೆದು ಏತ್ವ ಇಡಲಿ: ‘ಗೆ’. ಇನ್ನು ಕೊಂಬು ಇಡುವಾಗ ತಲೆಕಟ್ಟು ವಾಪಸ್ ಬೇಕು: ‘ಗು’. ಈ ತೆಗೆಯುವ, ಇಡುವ ಕೆಲಸ ಬರೆಯುವಾಗ ಕಣ್ಣಿಗೆ ಕಾಣುವುದೇ ಇಲ್ಲ. ತುಂಡಿನಲ್ಲಿ ಕಾಣುತ್ತದೆ.

ಜ, ಣ, ಬ, ಲ ಅಕ್ಷರಗಳಿಗೆ ಬೇರೆಯಾದ ತಲೆಕಟ್ಟು ಇಲ್ಲ. ಅವುಗಳಿಂದ ಶುರು ಮಾಡಿ ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೆ, ನೀವು ಸಿಕ್ಕಬೇಡಿ. ಪ ಮತ್ತು ವ ಕೊನೆಗಿರಲಿ. ‘ವ’ದ ಪಕ್ಕಕ್ಕೆ ಕೊಂಬು ಅಂಟಿಸಿದರೆ ಅದು ‘ಮ’ ಆಗಿಬಿಡುತ್ತದೆ! ಅದಕ್ಕೇ ‘ವು’, ‘ಪು’ ಬರೆಯುವಾಗ ಕೊಂಬು ಕೆಳಕ್ಕೆ ಇಳಿಯುತ್ತದೆ. ಇದನ್ನು ಹೇಳಿಕೊಡುವ ಬದಲು ಮಗುವೇ ತುಂಡು ಇಟ್ಟು ‘ಅಯ್ಯೋ, ಮ ಆಯ್ತು’ ಅನ್ನಲಿ. ಆಮೇಲೆ ಮರೆಯುವುದಿಲ್ಲ.

ಹ್ರಸ್ವ, ದೀರ್ಘದ ಗೊಂದಲಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ‘ಬಿಡು’ ಎನ್ನುವಾಗ ಸುಮ್ನೆ ಹಿಡಿಯಿರಿ, ‘ಬೀಡು’ ಎನ್ನುವಾಗ ಎಳೆಯಿರಿ. ಕೊಡು-ಕೋಡು, ತೊಡು-ತೋಡು, ನಡು-ನಾಡು, ಕಡು-ಕಾಡು. ಎಳೆದಾಗ ದೀರ್ಘದ ತುಂಡು ಇಡಬೇಕು, ‘ನಾಡು’, ‘ಕಾಡು’ಗಳಲ್ಲಿ ಮಾತ್ರ ಇಳಿಯ ತುಂಡು.

5. ಒತ್ತಕ್ಷರ: ಎರಡು ಅಂತಸ್ತಿನ ಮನೆ

ಮೊದಲು ಕಿವಿ ತಯಾರಾಗಲಿ. ನೆಲದ ಮೇಲೆ ಚೌಕ ಬರೆದು ಅಕ್ಷರಕ್ಕೊಂದು ಕುಪ್ಪಳಿಕೆ ಹಾಕಿಸಿ. ‘ಕ-ತೆ’ ಎರಡು ಕುಪ್ಪಳಿಕೆ. ‘ಕತ್ತೆ’ಗೂ ಎರಡೇ, ಆದರೆ ಮೊದಲನೆಯದರಲ್ಲಿ ಒಂದು ಕ್ಷಣ ಕಾಲೂರಿ ನಿಂತು ಮುಂದೆ ಹಾರಬೇಕು. ಬಳಿ-ಬಳ್ಳಿ, ಎಲೆ-ಎಲ್ಲೆ ಹೀಗೆ ಹಾರಿಸಿ. ಎಲ್ಲಿ ಕಾಲು ನಿಂತಿತೋ ಅಲ್ಲಿ ಒತ್ತು.

ಬಹಳಷ್ಟು ಒತ್ತುಗಳು ತಲೆಕಟ್ಟು ಕಳೆದುಕೊಂಡ ಪುಟ್ಟ ಅಕ್ಷರಗಳೇ. ಅವುಗಳಿಗೆ ಬೇರೆ ಪಾಠ ಬೇಡ. ಮುಖ ಬದಲಿಸುವವು ತ, ನ, ಮ, ಯ, ರ, ಲ. ಈ ಆರನ್ನು ಮಾತ್ರ ಉಪ್ಪುಕಾಗದದಲ್ಲಿ ಮಾಡಿ, ಆರು ದಿನ ಕೊಡಿ.

ಮಕ್ಕಳು ನಿಜವಾಗಿ ಒದ್ದಾಡುವುದು ಇನ್ನೊಂದು ಕಡೆ. ‘ಅಕ್ಕಿ’ ಎನ್ನುವಾಗ ‘ಇ’ ಸದ್ದು ಬರುವುದು ಎರಡೂ ಕಕಾರದ ನಂತರ. ಬರೆಯುವಾಗ ಗುಡಿಸು ಹೋಗಿ ಕೂರುವುದು ಮೇಲಿನ ಕಕಾರದ ತಲೆಗೆ. ರಟ್ಟಿನಲ್ಲಿ ಎರಡು ಅಂತಸ್ತಿನ ಮನೆ ಮಾಡಿ. ಮೇಲೊಂದು ಕಿಟಕಿ, ಕೆಳಗೊಂದು ಕಿಟಕಿ. ‘ಕೆಳಗಿನವನಿಗೆ ಟೋಪಿ ಇಲ್ಲ, ಟೋಪಿ ಯಾವಾಗಲೂ ಮೇಲಿನವನಿಗೆ’ ಎಂದು ಹೇಳಿ ಆಡಿಸಿ. ‘ರಾಷ್ಟ್ರ’, ‘ಸ್ತ್ರೀ’ ಬಂದಾಗ ಮೂರನೇ ಅಂತಸ್ತು ಕಟ್ಟಿ.

ಅರ್ಕಾವತ್ತಿಗೆ ಪ್ರತ್ಯೇಕ ಒಂದು ವಾರ ಇಡಿ. ‘ಸೂರ್ಯ’ದಲ್ಲಿ ‘ರ್’ ಸದ್ದು ಬಾಯಿಗೆ ಮೊದಲು ಬರುತ್ತದೆ, ಕೈಗೆ ಕೊನೆಗೆ ಬರುತ್ತದೆ. ಅದಕ್ಕೇ ಮಕ್ಕಳು ‘ಸೂಯ್ರ’ ಎಂದು ಬರೆಯುತ್ತಾರೆ. ಇಬ್ಬರು ಮಕ್ಕಳ ಕೈಗೆ ‘ರ್’, ‘ಯ’ ಕಾರ್ಡ್ ಕೊಟ್ಟು ನಿಲ್ಲಿಸಿ. ಹೇಳುವಾಗ ‘ರ್’ ಮುಂದೆ. ‘ಬರಿ’ ಅಂದ ಕೂಡಲೇ ‘ರ್’ ಓಡಿ ಹಿಂದೆ ಹೋಗಿ ನಿಲ್ಲಬೇಕು. ‘ತರ್ಕ’ ಮತ್ತು ‘ಚಕ್ರ’ ಪಕ್ಕಪಕ್ಕ ಇಟ್ಟು ಆಡಿಸಿ. ಒಂದರಲ್ಲಿ ಓಟ ಇದೆ, ಇನ್ನೊಂದರಲ್ಲಿ ಇಲ್ಲ.

6. ಕಿವಿಗೆ ಒಂದೇ, ಕಾಗದದಲ್ಲಿ ಬೇರೆ

ಇಲ್ಲಿ ಮೂರು ಗುಂಪು ಇವೆ, ಮೂರಕ್ಕೂ ಒಂದೇ ಔಷಧ ಇಲ್ಲ.

ಮಹಾಪ್ರಾಣಕ್ಕೆ ತೆಳು ಕಾಗದದ ಪಟ್ಟಿಯನ್ನು ಬಾಯಿ ಮುಂದೆ ಹಿಡಿಸಿ. ‘ಕ’ ಅಂದರೆ ಅಷ್ಟಾಗಿ ಅಲ್ಲಾಡದು, ‘ಖ’ ಅಂದರೆ ಹಾರುತ್ತದೆ. ಕ-ಖ, ತ-ಥ ಜೋಡಿಯಿಂದ ಶುರು ಮಾಡಿ. ‘ಫ’ ಬೇಡ, ಬಾಯಿಗೆ ‘ಫೋನ್’ನ ಫ ಬಂದುಬಿಡುತ್ತದೆ. ಆದರೆ ದಿನದ ಮಾತಿನಲ್ಲಿ ಯಾರೂ ಅಷ್ಟು ಉಸಿರು ಬಿಡುವುದಿಲ್ಲ, ಹಾಗಾಗಿ ಕಿವಿಯನ್ನೇ ನಂಬಿದರೆ ಆಗದು. ಒಂದು ಸಮಾಧಾನ ಇದೆ. ಮಹಾಪ್ರಾಣ ಇರುವ ಪದಗಳಲ್ಲಿ ಹೆಚ್ಚಿನವು ಸಂಸ್ಕೃತದಿಂದ ಬಂದವು. ಮಗು ದಿನ ಬಳಸುವ ಅಂಥ ಪದಗಳು ಕೆಲವೇ. ಅವುಗಳಿಗೆ ಒಂದು ಡಬ್ಬಿ ಇಡಿ. ಕಾರ್ಡ್‌ನ ಒಂದು ಬದಿ ಪದ, ಇನ್ನೊಂದು ಬದಿ ಮಗು ಬಿಡಿಸಿದ ಚಿತ್ರ. ದನ-ಧನ ಜೋಡಿಗೆ ಮಗಳು ಬಿಡಿಸಿದ್ದು ಹಣದ ಚೀಲ ಹೊತ್ತ ಹಸು. ಎರಡೂ ಒಂದೇ ಚಿತ್ರದಲ್ಲಿ!

ಶ, ಷ, ಸಗಳಿಗೆ ನೆರೆಮನೆ ಆಟ. ಒತ್ತಿನಲ್ಲಿ ಟ, ಠ, ಣ ಬಂದರೆ ನೆರೆಯವನು ಷ: ಕಷ್ಟ, ನಿಷ್ಠೆ, ಉಷ್ಣ. ಚ ಬಂದರೆ ಶ: ನಿಶ್ಚಯ, ಆಶ್ಚರ್ಯ. ತ ಬಂದರೆ ಸ: ಪುಸ್ತಕ, ರಸ್ತೆ. ನಾಲಿಗೆ ಎಲ್ಲಿ ತಾಗುತ್ತದೆ ಎಂದು ಮಗು ಕನ್ನಡಿಯಲ್ಲಿ ನೋಡಲಿ. ‘ಷ್ಟ’ ಹೇಳುವಾಗ ನಾಲಿಗೆ ಮೊದಲೇ ಹಿಂದಕ್ಕೆ ಮಡಚಿಕೊಂಡಿರುತ್ತದೆ. ‘ಸ್ಟೇಷನ್’, ‘ಸ್ಟೂಲ್’ ಇಂಗ್ಲಿಷಿನಿಂದ ಬಂದ ಅತಿಥಿಗಳು, ಅವರಿಗೆ ಈ ನಿಯಮ ಇಲ್ಲ.

ಮೂರನೆಯದು ಹಕಾರ ಮತ್ತು ಲ-ಳ, ನ-ಣ. ಆಡು-ಹಾಡು, ಹುಲಿ-ಹುಳಿ, ಅನ್ನ-ಅಣ್ಣ. ಕೆಲವು ಮನೆಗಳ ಮಾತಿನಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ‘ಹೀಗೆಲ್ಲ ಮಾತಾಡ್ತಾರಾ’ ಎಂದು ನಗಬೇಡಿ. ಮಗು ತನ್ನ ಅಜ್ಜಿಯ ಮಾತನ್ನೇ ಆಡುತ್ತಿದೆ. ಎರಡು ಬಣ್ಣದ ಕಾರ್ಡ್ ಮಾಡಿ: ‘ಮನೆಮಾತು’ ಮತ್ತು ‘ಪುಸ್ತಕದ ಮಾತು’. ಒಂದರಲ್ಲಿ ‘ಬರ್ತೀನಿ’, ಇನ್ನೊಂದರಲ್ಲಿ ‘ಬರುತ್ತೇನೆ’. ಎರಡನ್ನೂ ಜೋಡಿ ಮಾಡಲಿ. ಕತೆ ಬರೆಯುವಾಗ ಪಾತ್ರ ಆಡುವ ಮಾತಿಗೆ ಮನೆಮಾತೇ ಸರಿ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕಷ್ಟದ ಪದ ನೆನಪಿಡಲು ಐದು ಕೆಲಸ: ನೋಡು, ಹೇಳು, ಮುಚ್ಚು, ಬರೆ, ತೆರೆದು ನೋಡು. ಮುಚ್ಚುವುದನ್ನು ಬಿಟ್ಟರೆ ಅದು ಬರೀ ನಕಲು. ದಿನಕ್ಕೆ ಮೂರು ನಾಲ್ಕು ಪದ ಸಾಕು.

7. ವ್ಯಾಕರಣ: ಟೋಪಿ, ಅಂಟು, ಕತ್ತರಿ

ನಾಮಪದ, ಕ್ರಿಯಾಪದದ ವ್ಯಾಖ್ಯೆ ಹೇಳಿಸಬೇಡಿ. ಚೀಟಿಗಳನ್ನು ಮಾಡಿ. ‘ಚೆಂಡು’ ಎಂಬ ಚೀಟಿ ಬಂದರೆ ಮಗು ಅದನ್ನು ತರಬೇಕು. ‘ಜಿಗಿ’ ಎಂದು ಬಂದರೆ ಜಿಗಿಯಬೇಕು. ಹತ್ತು ಚೀಟಿ ಆದ ಮೇಲೆ ಎರಡು ಗುಂಪು ಮಾಡಲು ಹೇಳಿ. ತಂದದ್ದು ಒಂದು ಕಡೆ, ಮಾಡಿದ್ದು ಇನ್ನೊಂದು ಕಡೆ. ಮಾಂಟೆಸ್ಸೊರಿ ತರಗತಿಗಳಲ್ಲಿ ನಾಮಪದಕ್ಕೆ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ ಇಡುತ್ತಾರೆ. ನೀವೂ ಅದನ್ನೇ ಪದದ ಮೇಲೆ ಇಡಿಸಬಹುದು.

ನನಗೆ ತುಂಬಾ ಇಷ್ಟದ ಆಟ ವಿಭಕ್ತಿಯದು. ಮೂವರು ಮಕ್ಕಳಿಗೆ ‘ಹುಲಿ’, ‘ಆನೆ’, ‘ಕಂಡಿತು’ ಕಾರ್ಡ್ ಕೊಡಿ. ‘ಅನ್ನು’ ಎಂದು ಬರೆದ ಒಂದು ಕಾಗದದ ಟೋಪಿ ಮಾಡಿ ಆನೆಯ ತಲೆಗೆ ಹಾಕಿ. ‘ಹುಲಿ ಆನೆಯನ್ನು ಕಂಡಿತು.’ ಈಗ ಹುಲಿ, ಆನೆ ಜಾಗ ಬದಲಿಸಲಿ. ‘ಆನೆಯನ್ನು ಹುಲಿ ಕಂಡಿತು.’ ಕಂಡದ್ದು ಯಾರು? ಈಗಲೂ ಹುಲಿಯೇ! ಇನ್ನು ಯಾರೂ ಅಲುಗದೆ ಟೋಪಿ ಮಾತ್ರ ಹುಲಿಯ ತಲೆಗೆ ಹೋಗಲಿ. ಅರ್ಥ ತಿರುಗಿಬಿತ್ತು. ಕನ್ನಡದಲ್ಲಿ ಯಾರು ಏನು ಮಾಡಿದರು ಎಂಬುದನ್ನು ಪದ ನಿಂತ ಜಾಗಕ್ಕಿಂತ ಅದರ ಪ್ರತ್ಯಯ ಹೇಳುತ್ತದೆ. ಇದು ಹತ್ತು ನಿಮಿಷದಲ್ಲಿ ಮೈಗೆ ಹತ್ತುತ್ತದೆ. ಆಮೇಲೆ ಇಂದ, ಗೆ, ಅಲ್ಲಿ ಟೋಪಿಗಳು. ಯಾರನ್ನು, ಯಾರಿಂದ, ಯಾರಿಗೆ, ಎಲ್ಲಿ ಎಂಬ ಪ್ರಶ್ನೆ ಕೇಳಿದರೆ ಮಗುವೇ ಟೋಪಿ ಹುಡುಕುತ್ತದೆ. ಪ್ರಥಮಾ, ದ್ವಿತೀಯಾ ಎಂಬ ಹೆಸರು ನಿಧಾನಕ್ಕೆ ಬರಲಿ.

ಸಂಧಿಯೂ ಕೈಕೆಲಸವೇ. ‘ಮನೆ’ ಮತ್ತು ‘ಅನ್ನು’ ಕಾರ್ಡ್ ಪಕ್ಕದಲ್ಲಿಟ್ಟು ಬೇಗ ಬೇಗ ಹೇಳಿಸಿ. ನಡುವೆ ‘ಯ’ ನುಸುಳುತ್ತದೆ. ‘ಮರ’ಕ್ಕೆ ‘ಅನ್ನು’ ಸೇರಿದರೆ ‘ವ’. ಈ ಯ, ವ ಅಂಟಿನ ಕಾರ್ಡ್‌ಗಳು. ಲೋಪಸಂಧಿಗೆ ಕತ್ತರಿ. ‘ಮಾತು’ ಕಾರ್ಡ್‌ನ ಕೊನೆಯ ‘ಉ’ವನ್ನು ಮಡಚಿ ‘ಇಲ್ಲ’ ಸೇರಿಸಿ: ‘ಮಾತಿಲ್ಲ’. ಆದೇಶಕ್ಕೆ ತಿರುಗುವ ಕಾರ್ಡ್. ಮುಂಬದಿ ‘ಕಾಲ’, ಹಿಂಬದಿ ‘ಗಾಲ’. ‘ಮಳೆ’ ಪಕ್ಕದಲ್ಲಿ ಬಂದ ಕೂಡಲೇ ಅದು ತಿರುಗಿ ‘ಮಳೆಗಾಲ’. ಅಂಟು, ಕತ್ತರಿ, ತಿರುಗು. ಆಗಮ, ಲೋಪ, ಆದೇಶ ಅಂದರೆ ಇದೇ.

ಕ್ರಿಯಾಪದದ ಬಾಲಕ್ಕೆ ಬಣ್ಣ ಸಾಕು. ‘ಹುಡುಗ’ ನೀಲಿ, ‘ಓಡಿದನು’ ನೀಲಿ. ‘ಹುಡುಗಿ’ ಕೆಂಪು, ‘ಓಡಿದಳು’ ಕೆಂಪು. ಬಣ್ಣ ಹೊಂದದಿದ್ದರೆ ವಾಕ್ಯ ಹೊಂದಿಲ್ಲ. ‘ಅಜ್ಜಿ ಒಬ್ಬರೇ ಅಲ್ವಾ, ಬಂದರು ಯಾಕೆ?’ ಎಂದು ಮಗು ಕೇಳುತ್ತದೆ, ತಯಾರಿರಿ.

ವಿರಾಮ ಚಿಹ್ನೆಗೆ ಹೆಚ್ಚು ಹೊತ್ತು ಬೇಡ. ಒಂದು ಕತೆ ಜೋರಾಗಿ ಓದುತ್ತಾ ನಡೆಯಿರಿ. ಚುಕ್ಕೆ ಬಂದಲ್ಲಿ ನಿಲ್ಲಿ, ಪ್ರಶ್ನೆ ಬಂದಲ್ಲಿ ಕೈ ಎತ್ತಿ.

8. ಸ್ವಂತ ವಾಕ್ಯ, ಸ್ವಂತ ಬರಹ

‘ನಾಯಿ ಓಡಿತು’ ಎಂದು ಒಂದು ಪಟ್ಟಿಯಲ್ಲಿ ಬರೆಯಿರಿ. ಯಾವ, ಎಲ್ಲಿಗೆ, ಯಾಕೆ, ಹೇಗೆ ಎಂಬ ಪ್ರಶ್ನೆ ಕಾರ್ಡ್‌ಗಳನ್ನು ಮಗು ಎತ್ತಲಿ. ಉತ್ತರವನ್ನು ಚೀಟಿಯಲ್ಲಿ ಬರೆದು, ಪಟ್ಟಿಯನ್ನು ಕತ್ತರಿಸಿ ನಡುವೆ ಸೇರಿಸಲಿ. ‘ಕುಂಟು ನಾಯಿ ಗುಡುಗಿಗೆ ಹೆದರಿ ಮಂಚದ ಕೆಳಗೆ ಓಡಿತು.’ ಮಗು ಉದ್ದದ ವಾಕ್ಯ ಬರೆದಿದೆ, ಆದರೆ ಯಾರೂ ‘ಉದ್ದ ಬರಿ’ ಎಂದಿಲ್ಲ.

ಬರೆಯಲು ಹಿಂಜರಿಯುವ ಮಗು ಹೇಳಲಿ, ನೀವು ಅದರ ಮಾತನ್ನೇ ಬರೆದುಕೊಳ್ಳಿ. ವಾಕ್ಯಕ್ಕೊಂದು ಪಟ್ಟಿಯಂತೆ ಕತ್ತರಿಸಿ ಕಲಸಿ ಕೊಡಿ. ಕತೆ ಮತ್ತೆ ಜೋಡಿಸಿ, ಬೇಕಾದಲ್ಲಿ ಹೊಸ ಪಟ್ಟಿ ಬರೆದು ಸೇರಿಸಲಿ. ನಿಜವಾದ ಕೆಲಸಕ್ಕೂ ಬರೆಸಿ: ಡಬ್ಬಿಗೆ ಹೆಸರಿನ ಚೀಟಿ, ಬಾಗಿಲಿಗೆ ‘ಸದ್ದು ಮಾಡಬೇಡಿ’, ದೂರದಲ್ಲಿರುವವರಿಗೆ ಪತ್ರ.

ತಿದ್ದುವಾಗ

ಇಡೀ ಪುಟ ಕೆಂಪು ಮಾಡಬೇಡಿ. ಒಂದು ವಾರ ಒಂದೇ ಬಗೆಯ ತಪ್ಪು ಆರಿಸಿಕೊಳ್ಳಿ. ಈ ವಾರ ದೀರ್ಘ ಅಂದರೆ ದೀರ್ಘ ಮಾತ್ರ, ಒತ್ತು ತಪ್ಪಿದ್ದರೂ ನೋಡದಂತೆ ಇರಿ. (ಇದು ದೊಡ್ಡವರಿಗೆ ಕಷ್ಟ. ನನಗೆ ಈಗಲೂ ಕೈ ತುರಿಸುತ್ತದೆ.) ತಪ್ಪಿರುವ ಸಾಲಿನ ಅಂಚಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟು ಬಿಡಿ. ಎಲ್ಲಿದೆ ಎಂದು ಮಗುವೇ ಹುಡುಕಲಿ. ಸಿಗದಿದ್ದರೆ ಆ ಪದವನ್ನು ತುಂಡುಗಳಲ್ಲಿ ಕಟ್ಟಿ ತನ್ನ ಬರಹದ ಪಕ್ಕ ಇಟ್ಟು ನೋಡಲಿ. ಆಗ ಸಿಗುತ್ತದೆ. ಸಿಕ್ಕ ಪದ ಡಬ್ಬಿಗೆ ಹೋಗುತ್ತದೆ. ಮೂರು ಬೇರೆ ಬೇರೆ ದಿನ ಸರಿ ಬರೆದರೆ ಡಬ್ಬಿಯಿಂದ ಹೊರಗೆ.

ದಿನಕ್ಕೆ 15ರಿಂದ 20 ನಿಮಿಷ ಸಾಕು. ಮಗು ಇನ್ನೂ ಬೇಕು ಅನ್ನುವಾಗಲೇ ತುಂಡುಗಳನ್ನು ಡಬ್ಬಿಗೆ ಹಾಕಿ. ಅಂದ ಹಾಗೆ, ದೀರ್ಘದ ತುಂಡುಗಳನ್ನು ನಾಲ್ಕೈದು ಜಾಸ್ತಿಯೇ ಮಾಡಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ಕಳೆಯುವುದು ಅವೇ.